ಕುರ್ಚಿಗೆ ಬೇರೆ ಗೆರೆ, ಜೈಲಿಗೆ ಬೇರೆ ಗೆರೆ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದ್ದು: ರಾಜಕಾರಣಿಗಳು, ಹೆಂಗಸರು, ಆರೋಪಗಳು. ಕಾಸರಗೋಡಿನವರಿಗೆ ಇದರಲ್ಲಿ ಡಬಲ್ ಪಾಲು ಉಂಟು. ಮಲಯಾಳಂ ಚಾನೆಲ್ ಹಾಕಿದರೆ ಪಾಲಕ್ಕಾಡಿನದ್ದು, ಕನ್ನಡ ಚಾನೆಲ್ ಹಾಕಿದರೆ ಹಾಸನದ್ದು. ಎರಡೂ ರಾಜ್ಯದ ರಾಡಿ ನಮ್ಮ ಚಾವಡಿಗೇ ಬಂದು ಬೀಳುತ್ತದೆ. ಹಾಗಾಗಿ ಈ ಸಂಚಿಕೆಯಲ್ಲಿ ಬೇರೆ ಪತ್ರ ತೆಗೆದುಕೊಂಡಿಲ್ಲ. ಜಾಗದ ಪತ್ರ, ಅತ್ತೆ ಸೊಸೆ ಪತ್ರ ಬರೆದವರು ಒಂದು ವಾರ ಕಾಯಿರಿ.

ಪ್ರಶ್ನೆ: ಅಕ್ಕಾ, ನಾನು ಒಂದು ಪಕ್ಷದ ಬೂತ್ ಕೆಲಸ ಮಾಡುವವ. ಬೇರೆ ಪಕ್ಷದವರ ಮೇಲೆ ಆರೋಪ ಬಂದರೆ ರಾಜೀನಾಮೆ ಕೊಡಿ ಅಂತ ಮೆರವಣಿಗೆ ಹೋಗುತ್ತೇವೆ. ನಮ್ಮವರ ಮೇಲೆ ಬಂದರೆ ಷಡ್ಯಂತ್ರ ಅನ್ನುತ್ತೇವೆ. ಮಗಳು ಇದನ್ನೇ ಹಿಡಿದು ಊಟಕ್ಕೆ ಕೂತಾಗೆಲ್ಲ ನಗಾಡುತ್ತಾಳೆ. ಆದರೆ ಆರೋಪ ಬಂದ ಕೂಡಲೇ ಕೆಳಗಿಳಿಯಬೇಕು ಅಂತಾದರೆ ಯಾರನ್ನು ಬೇಕಾದರೂ ಮುಗಿಸಬಹುದಲ್ವಾ? ಗೆರೆ ಎಲ್ಲಿ ಎಳೆಯುವುದು?
(ಬದಿಯಡ್ಕದಿಂದ ಒಬ್ಬರು)

ಉತ್ತರ: ಮಗಳು ಸರಿಯಾಗಿಯೇ ಹಿಡಿದಿದ್ದಾಳೆ. ನಿಮ್ಮ ಪಕ್ಷ ಯಾವುದು ಅಂತ ಬರೆದಿಲ್ಲ, ಬರೆಯುವುದೂ ಬೇಡ. ಈ ವಿಷಯದಲ್ಲಿ ಎಲ್ಲರೂ ಒಂದೇ ಗರಡಿಯಲ್ಲಿ ಪಳಗಿದವರು.

2024ರ ಆಗಸ್ಟಿನಲ್ಲಿ ಮಲಯಾಳಂ ಸಿನಿಮಾದ ಹೆಂಗಸರ ಕಷ್ಟ ವಿಚಾರಿಸಲು ಸರ್ಕಾರ ಮಾಡಿದ್ದ ಹೇಮಾ ಸಮಿತಿಯ ವರದಿ ಹೊರಗೆ ಬಂದ ಬೆನ್ನಿಗೇ ಕೊಲ್ಲಂನ ಆಗಿನ ಸಿಪಿಎಂ ಶಾಸಕ, ನಟ ಮುಕೇಶ್ ಮೇಲೆ ಲೈಂಗಿಕ ದೌರ್ಜನ್ಯದ ಕೇಸಾಯಿತು. ರಾಜೀನಾಮೆ ಎಲ್ಲಿ ಅಂತ ಕೇಳಿದರೆ ಪಕ್ಷದವರು ಕಾಂಗ್ರೆಸ್ ಶಾಸಕರತ್ತ ಕೈ ತೋರಿಸಿದರು. ಅವರ ಮೇಲೂ ಕೇಸಿತ್ತಲ್ಲ, ಅವರು ಬಿಟ್ಟರಾ ಅಂತ. ವರ್ಷ ತಿರುಗಿದ್ದೇ ಪಾಲಕ್ಕಾಡಿನ ಕಾಂಗ್ರೆಸ್ ಶಾಸಕ ರಾಹುಲ್ ಮಾಂಕೂಟ್ಟತ್ತಿಲ್ ಸರದಿ. ಈಗ ಕಾಂಗ್ರೆಸಿನವರು ಮುಕೇಶ್ ಹೆಸರು ಹೇಳಿದರು. ಇಬ್ಬರೂ ಆರೋಪ ಅಲ್ಲಗಳೆದಿದ್ದಾರೆ, ನಿಜ ಸುಳ್ಳು ಕೋರ್ಟು ನೋಡಿಕೊಳ್ಳಲಿ. ನನಗೆ ತಲೆಕೆಡುವುದು ಆ ಉತ್ತರದ ಬಗ್ಗೆ. ‘ಅವ ಬಿಟ್ಟನಾ’ ಅನ್ನುವುದು ಹೆಂಗಸಿಗೆ ಕೊಟ್ಟ ಉತ್ತರ ಅಲ್ಲ, ಎದುರು ಪಕ್ಷಕ್ಕೆ ಕೊಟ್ಟದ್ದು. ದೂರು ಕೊಟ್ಟವಳು ಆ ಮಾತಿನಲ್ಲಿ ಎಲ್ಲೂ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುವಾ. ನೀವು ಎರಡು ವಿಷಯವನ್ನು ಒಂದೇ ಗಂಟು ಕಟ್ಟಿದ್ದೀರಿ. ಒಬ್ಬನನ್ನು ಜೈಲಿಗೆ ಹಾಕಲು ಸಂಶಯಕ್ಕೆ ಎಡೆ ಇಲ್ಲದ ಪುರಾವೆ ಬೇಕು, ಅದರಲ್ಲಿ ರಾಜಿ ಇಲ್ಲ. ಕುರ್ಚಿ ಬಿಡಿಸಲು ಅಷ್ಟು ಬೇಡ. ಸೊಸೈಟಿಯ ಕ್ಯಾಷಿಯರ್ ಮೇಲೆ ದೂರು ಬಂದರೆ ತನಿಖೆ ಮುಗಿಯುವ ತನಕ ಕ್ಯಾಷ್ ಕೌಂಟರಿನಿಂದ ಎಬ್ಬಿಸುತ್ತಾರಲ್ವಾ? ಕಳ್ಳ ಅಂತ ತೀರ್ಮಾನ ಆಗಿ ಅಲ್ಲ, ಲೆಕ್ಕಪುಸ್ತಕ ಅವನ ಕೈಯಲ್ಲೇ ಇದ್ದರೆ ತನಿಖೆ ನಡೆಯುವುದಿಲ್ಲ ಅಂತ. ಮಂತ್ರಿಯದ್ದೂ ಅಷ್ಟೇ. ಪೊಲೀಸರು ಯಾರ ಸರ್ಕಾರದ ಕೈಕೆಳಗೆ ಇದ್ದಾರೋ ಆ ಸರ್ಕಾರದ ಮಂತ್ರಿಯ ಮೇಲೆ ಹೆಸರು ಹೇಳಿ ಒಬ್ಬಳು ದೂರು ಕೊಟ್ಟರೆ, ಅವರು ಮಂತ್ರಿಯಾಗಿಯೇ ಕೂತು ವಿಚಾರಣೆ ಎದುರಿಸುತ್ತೇನೆ ಅನ್ನುವುದು ನಾಟಕ.

ಮುಗಿಸಿಬಿಡಬಹುದು ಅಂತ ಹೆದರುತ್ತೀರಲ್ಲ, ಕೇರಳದಲ್ಲೇ ನಡೆದದ್ದು ನೋಡಿ. ವಿಮಾನದಲ್ಲಿ ಸಹಪ್ರಯಾಣಿಕೆಯ ಜೊತೆ ಅನುಚಿತವಾಗಿ ನಡೆದುಕೊಂಡರು ಎಂಬ ಆರೋಪದಲ್ಲಿ ಪಿ.ಜೆ. ಜೋಸೆಫ್ 2006ರಲ್ಲಿ ಮಂತ್ರಿಗಿರಿ ಬಿಟ್ಟರು. 2009ರಲ್ಲಿ ಖುಲಾಸೆ ಆಯಿತು, ಮತ್ತೆ ಮಂತ್ರಿ ಆದರು. 2017ರ ಮಾರ್ಚಿನಲ್ಲಿ ಹೊಸ ಚಾನೆಲ್ ಒಂದು ಸಾರಿಗೆ ಮಂತ್ರಿ ಎ.ಕೆ. ಶಶೀಂದ್ರನ್ ಅವರ ಫೋನ್ ಮಾತಿನ ಆಡಿಯೋ ಬಿಟ್ಟಿತು. ಅದೇ ದಿನ ಅವರು ರಾಜೀನಾಮೆ ಕೊಟ್ಟರು. ಆಮೇಲೆ ನೋಡಿದರೆ ಫೋನಿನ ಆ ತುದಿಯಲ್ಲಿ ಇದ್ದದ್ದು ಚಾನೆಲ್ಲಿನದ್ದೇ ಪತ್ರಕರ್ತೆ, ಬಲೆ ಬೀಸಿದ್ದು! 2018ರ ಜನವರಿಯಲ್ಲಿ ಖುಲಾಸೆ, ಫೆಬ್ರವರಿಯಲ್ಲಿ ಮತ್ತೆ ಮಂತ್ರಿ. ಇಬ್ಬರಲ್ಲಿ ಯಾರು ಮುಗಿದರು ಮಾರಾಯ್ರೆ? ಪಕ್ಕಕ್ಕೆ ಸರಿದವರು ವಾಪಸ್ ಬಂದಿದ್ದಾರೆ.

ನಿಜವಾಗಿ ಸುಟ್ಟುಹೋದದ್ದು ಮುಖ್ಯಮಂತ್ರಿಯಾಗಿದ್ದ ಉಮ್ಮನ್ ಚಾಂಡಿಯವರ ಹೆಸರು. ಸೋಲಾರ್ ಹಗರಣದ ಜೊತೆಗೆ ಬಂದ ಲೈಂಗಿಕ ಆರೋಪವನ್ನು ವರ್ಷಗಟ್ಟಲೆ ಬೀದಿಯಲ್ಲಿ ಹುರಿದರು. ಸಿಬಿಐ 2022ರ ಡಿಸೆಂಬರಿನಲ್ಲಿ ಪುರಾವೆ ಇಲ್ಲ ಅಂದಿತು, ಮುಂದಿನ ಜುಲೈಯಲ್ಲಿ ಅವರು ತೀರಿಕೊಂಡರು. ಆರೋಪ ಕೂಗಲು ಇದ್ದ ಮೈಕುಗಳಲ್ಲಿ ಎಷ್ಟು ಆ ಸುದ್ದಿ ಹೇಳಲು ಬಂದವು? ಸುಳ್ಳು ಆರೋಪದ ಬಗ್ಗೆ ನಿಮಗೆ ಚಿಂತೆ ಇದ್ದರೆ ಅದು ನ್ಯಾಯವೇ. ಆದರೆ ಅದಕ್ಕೆ ಮದ್ದು ಬೇಗ ನಡೆಯುವ ತನಿಖೆ, ಹೆಂಗಸಿನ ಬಾಯಿ ಮುಚ್ಚಿಸುವುದಲ್ಲ.

ಶಾಸಕ, ಸಂಸದರದ್ದು ಸ್ವಲ್ಪ ಬೇರೆ, ಅವರನ್ನು ಕಳಿಸಿದ್ದು ಜನ. ಸಾಮಾನ್ಯವಾಗಿ ಎರಡು ವರ್ಷ ಅಥವಾ ಜಾಸ್ತಿ ಶಿಕ್ಷೆಯಾದರೆ ಸ್ಥಾನ ಕೂಡಲೇ ಹೋಗುತ್ತದೆ, 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ನಂತರ ಬರೀ ಅಪೀಲು ಹಾಕಿ ಕೂರುವ ದಾರಿಯೂ ಇಲ್ಲ. ಬರೀ ಆರೋಪಕ್ಕೆ ಜನ ಆರಿಸಿದವರನ್ನು ತೆಗೆಯಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಪಕ್ಷದ ಹುದ್ದೆ, ಟಿಕೆಟ್, ವೇದಿಕೆಯ ಮೊದಲ ಸಾಲು ಯಾರ ಹಕ್ಕೂ ಅಲ್ಲ, ಪಕ್ಷ ಕೊಟ್ಟದ್ದು ಅದು. ರಾಹುಲ್ ವಿಷಯದಲ್ಲಿ ಕಾಂಗ್ರೆಸ್ ಪೊಲೀಸ್ ಕೇಸಿಗೆ ಕಾಯದೆ ಸಸ್ಪೆಂಡ್ ಮಾಡಿತು. 2025ರ ಡಿಸೆಂಬರಿನಲ್ಲಿ ನಿರೀಕ್ಷಣಾ ಜಾಮೀನು ಸಿಗದಾಗ ಉಚ್ಚಾಟನೆಯೂ ಆಯಿತು. (ಆಗ ಅವರು ಹೊಸದುರ್ಗ ಕೋರ್ಟಿಗೆ ಶರಣಾಗುತ್ತಾರೆ ಅಂತ ಸುದ್ದಿ ಹಬ್ಬಿ ಕಾಞಂಗಾಡಿನಲ್ಲಿ ಕ್ಯಾಮೆರಾದವರ ಜಾತ್ರೆ ಆದದ್ದು ನಿಮಗೆ ನೆನಪಿರಬಹುದು.) ತಡವೋ ಬೇಗವೋ, ಪಕ್ಷಕ್ಕೆ ಮನಸ್ಸಿದ್ದರೆ ಆಗುತ್ತದೆ ಅಂತಾಯಿತಲ್ಲ.

ನಿಮ್ಮ ಕೈಯಲ್ಲೂ ಒಂದು ಕೆಲಸ ಉಂಟು. ಕ್ರಿಮಿನಲ್ ಕೇಸು ಇರುವವರಿಗೆ ಟಿಕೆಟ್ ಕೊಟ್ಟರೆ, ಕೇಸಿಲ್ಲದ ಬೇರೆಯವರು ಯಾಕೆ ಸಿಗಲಿಲ್ಲ ಅಂತ ಪಕ್ಷ ಕಾರಣ ಪ್ರಕಟಿಸಬೇಕು, ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ್ದು. ಬೂತಿನವರು ಆ ಕಾರಣ ಓದಿ, ಮೀಟಿಂಗಿನಲ್ಲಿ ಜೋರಾಗಿ ಓದಿ ಹೇಳಿ ಅಂತ ಕೇಳಬಹುದು. ಕೇಳಿ ನೋಡಿ, ಆಮೇಲೆ ಏನಾಯಿತು ಅಂತ ನನಗೂ ಬರೆಯಿರಿ.

ಪ್ರಶ್ನೆ: ನಾಲ್ಕೈದು ವರ್ಷ ಸುಮ್ಮನಿದ್ದು ಚುನಾವಣೆ ಹತ್ತಿರ ಬಂದಾಗಲೇ ಯಾಕೆ ದೂರು? ಇದು ರಾಜಕೀಯ ಅಲ್ಲದೆ ಮತ್ತೆಂತದು?
(ಮುಳ್ಳೇರಿಯಾ)

ಉತ್ತರ: ರಾಜಕೀಯ ಇರಲೂಬಹುದು. ಅದರಿಂದ ದೂರು ಸುಳ್ಳಾಗುವುದಿಲ್ಲ. ಹಾಸನದ ಆಗಿನ ಸಂಸದ ಪ್ರಜ್ವಲ್ ರೇವಣ್ಣನದ್ದು ಎನ್ನಲಾದ ಅಶ್ಲೀಲ ವಿಡಿಯೋಗಳ ಪೆನ್‌ಡ್ರೈವ್‌ಗಳು ಹೊರಗೆ ಬಂದದ್ದು 2024ರ ಏಪ್ರಿಲ್ 26ರ ಮತದಾನಕ್ಕೆ ಕೆಲವೇ ದಿನ ಮೊದಲು. ಹಂಚಿದವರಿಗೆ ಆ ಹೆಂಗಸರ ಮೇಲೆ ಕರುಣೆ ಉಕ್ಕಿ ಹಂಚಿದ್ದಲ್ಲ, ಇದ್ದಿದ್ದರೆ ಮುಖ ಕಾಣುವ ಹಾಗೆ ಹಂಚುತ್ತಿರಲಿಲ್ಲ. ಆದರೂ ಮನೆಕೆಲಸದ ಹೆಂಗಸೊಬ್ಬಳ ಕೇಸಿನಲ್ಲಿ ಬೆಂಗಳೂರಿನ ವಿಶೇಷ ಕೋರ್ಟು 2025ರ ಆಗಸ್ಟಿನಲ್ಲಿ ಪ್ರಜ್ವಲ್ ರೇವಣ್ಣನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಹೊರಗೆ ತಂದವರ ಉದ್ದೇಶ ಕೆಟ್ಟದ್ದೇ ಇದ್ದರೂ ನಡೆದದ್ದು ನಡೆದದ್ದೇ.

ಇನ್ನು ಸುಮ್ಮನಿದ್ದ ವಿಷಯ. ಸಿನಿಮಾದ ಹೆಣ್ಣುಮಕ್ಕಳು ಹೇಮಾ ಸಮಿತಿ ಮುಂದೆ ಬಾಯಿಬಿಟ್ಟರು. ಸಮಿತಿ 2019ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ನಾವು ಅದನ್ನು ಓದಿದ್ದು 2024ರಲ್ಲಿ, ಅದೂ ಕೆಲವು ಭಾಗ ತೆಗೆದು. ಇಷ್ಟು ವರ್ಷ ಸುಮ್ಮನಿದ್ದದ್ದು ಯಾರು, ನೀವೇ ಹೇಳಿ.

ಪ್ರಶ್ನೆ: ಇಬ್ಬರು ದೊಡ್ಡವರು ಒಪ್ಪಿ ಮಾಡಿದ್ದಕ್ಕೆ ಊರಿನವರು ಯಾಕೆ ತಲೆ ಹಾಕಬೇಕು? ರಾಜಕಾರಣಿಗೂ ಖಾಸಗಿ ಜೀವನ ಬೇಡವಾ?
(ಉಪ್ಪಳ)

ಉತ್ತರ: ಬೇಕು. ಒಬ್ಬ ಶಾಸಕನಿಗೆ ಮದುವೆಯಾಚೆ ಸಂಬಂಧ ಇದ್ದರೆ ಅದು ಅವನ ಮನೆಯವರ ತಲೆನೋವು, ನನ್ನದಲ್ಲ. ಕರ್ನಾಟಕದಲ್ಲಿ 2012ರಲ್ಲಿ ವಿಧಾನಸಭೆಯ ಒಳಗೆ ಮೊಬೈಲಿನಲ್ಲಿ ಅಶ್ಲೀಲ ವಿಡಿಯೋ ನೋಡಿದ ಗಲಾಟೆಗೆ ಮೂರು ಮಂತ್ರಿಗಳು ರಾಜೀನಾಮೆ ಕೊಟ್ಟರಲ್ಲ, ಅದನ್ನೂ ಹಾಸನದ್ದನ್ನೂ ಒಂದೇ ಬುಟ್ಟಿಗೆ ಹಾಕುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಅಲ್ಲಿ ಹೋದದ್ದು ಸದನದ ಮರ್ಯಾದೆ, ಇಲ್ಲಿ ಹೆಂಗಸರ ಬದುಕು. ಎಲ್ಲವನ್ನೂ ‘ಸೆಕ್ಸ್ ಹಗರಣ’ ಅಂತ ಒಂದೇ ಹೆಸರಿನಲ್ಲಿ ಕರೆದರೆ ತಪ್ಪು ಮಾಡಿದವನಿಗೇ ಲಾಭ, ಇದೂ ಒಂದು ಗುಸುಗುಸು ಅಂತ ತಪ್ಪಿಸಿಕೊಳ್ಳುತ್ತಾನೆ.

ಆದರೆ ಒಪ್ಪಿದಳು ಅನ್ನುವಾಗ ನಾನು ಒಂದೇ ಒಂದು ಮಾತು ಕೇಳುತ್ತೇನೆ: ಒಲ್ಲೆ ಅಂದಿದ್ದರೆ ಅವಳಿಗೆ ಏನು ಹೋಗುತ್ತಿತ್ತು? ಏನೂ ಹೋಗುತ್ತಿರಲಿಲ್ಲ ಅಂದರೆ ಸರಿ, ಅವರಿಬ್ಬರದ್ದು. ಮನೆಗೆ ಮಂಜೂರಾದ ದುಡ್ಡಿನ ಕಂತು ನಿಲ್ಲುತ್ತಿತ್ತು, ಗಂಡನ ಕೆಲಸ ಹೋಗುತ್ತಿತ್ತು, ವಾರ್ಡಿನ ಟಿಕೆಟ್ ಬೇರೆಯವಳಿಗೆ ಹೋಗುತ್ತಿತ್ತು ಅಂತಾದರೆ ಅದು ಒಪ್ಪಿಗೆ ಅಲ್ಲ, ವಸೂಲಿ. ಕಾನೂನೂ ಇದನ್ನು ಕಂಡಿದೆ. ಅತ್ಯಾಚಾರ ಅಂತ ಆಗದಿದ್ದರೂ, ಅಧಿಕಾರದ ಸ್ಥಾನ ಬಳಸಿ ತನ್ನ ಸುಪರ್ದಿಯಲ್ಲೋ ಕೈಕೆಳಗೋ ಇರುವ ಹೆಂಗಸನ್ನು ಒಲಿಸಿ ಸಂಬಂಧ ಬೆಳೆಸಿದರೆ ಭಾರತೀಯ ನ್ಯಾಯ ಸಂಹಿತೆಯ 68ನೇ ಸೆಕ್ಷನ್ ಪ್ರಕಾರ ಐದರಿಂದ ಹತ್ತು ವರ್ಷ ಜೈಲು.

ಪ್ರಶ್ನೆ: ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಅಂಥದ್ದೊಂದು ವಿಡಿಯೋ ಬಂತು. ದೊಡ್ಡಪ್ಪ ಕಳಿಸಿದ್ದು, ‘ಎಲ್ಲರಿಗೂ ಗೊತ್ತಾಗಲಿ’ ಅಂತ. ಏನು ಮಾಡುವುದು?
(ಕುಂಬಳೆ)

ಉತ್ತರ: ಅಳಿಸಿ, ದೊಡ್ಡಪ್ಪನ ಹತ್ತಿರವೂ ಅಳಿಸಲು ಹೇಳಿ. ಅಂಥ ವಿಡಿಯೋ ದಾಟಿಸುವುದೇ ಐಟಿ ಕಾಯ್ದೆಯಲ್ಲಿ ಅಪರಾಧ. ಅತ್ಯಾಚಾರಕ್ಕೆ ಒಳಗಾದವಳ ಗುರುತು ಬಿಟ್ಟುಕೊಟ್ಟರೆ ಎರಡು ವರ್ಷದವರೆಗೆ ಜೈಲು ಬೇರೆ. ಹಿರಿಯರು, ಹೇಗೆ ಹೇಳುವುದು ಅಂತ ಮುಜುಗರ ಬೇಡ. ಅವರಿಗೆ ಕಳಿಸಲು ಆಗದ ಮುಜುಗರ ನಿಮಗೆ ಹೇಳಲು ಯಾಕೆ?

ಪ್ರಶ್ನೆ: ಅಕ್ಕಾ, ಪಂಚಾಯತ್ ಚುನಾವಣೆಗೆ ಪಕ್ಷದ ಪರವಾಗಿ ಮನೆ ಮನೆ ಹೋದವಳು ನಾನು. ಆವಾಗಿನಿಂದ ನಮ್ಮ ನಾಯಕರೊಬ್ಬರು ರಾತ್ರಿ ಹನ್ನೊಂದಕ್ಕೆ ‘ಊಟ ಆಯ್ತಾ’ ಅಂತ ಮೆಸೇಜ್ ಮಾಡುತ್ತಾರೆ. ಆಮೇಲೆ ‘ಡಿಪಿ ಚೆಂದ ಉಂಟು’. ಮೊನ್ನೆ ಬರೆದದ್ದು ಇಲ್ಲಿ ಹೇಳಲಿಕ್ಕೆ ಆಗುವುದಿಲ್ಲ, ಬೆಳಿಗ್ಗೆ ನೋಡಿದರೆ ಡಿಲೀಟ್ ಮಾಡಿದ್ದಾರೆ. ಏನೂ ಆಗಿಲ್ಲ, ಆದರೆ ಆಫೀಸಿಗೆ ಹೋಗಲು ಹೆದರಿಕೆ. ಅಪ್ಪನೂ ಅದೇ ಪಕ್ಷದವರು.
(ಮಂಜೇಶ್ವರದ ಹುಡುಗಿ)

ಉತ್ತರ: ತಂಗೀ, ಏನೂ ಆಗಿಲ್ಲ ಅನ್ನಬೇಡಿ. ಕಳಿಸಿದವರೇ ಬೆಳಿಗ್ಗೆ ಡಿಲೀಟ್ ಮಾಡುತ್ತಾರೆ ಅಂದರೆ ತಾನು ಮಾಡುವುದು ಏನು ಅಂತ ಅವರಿಗೆ ಚೆನ್ನಾಗಿ ಗೊತ್ತುಂಟು.

ಮೊದಲು, ನಿಮ್ಮ ಫೋನ್ ಬದಲಿಸಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಇನ್ನು ಬರುವ ಪ್ರತಿ ಮೆಸೇಜಿನ ಸ್ಕ್ರೀನ್‌ಶಾಟ್ ಆಗಲೇ ತೆಗೆಯಿರಿ, ನಂಬರ್, ತಾರೀಕು ಕಾಣುವ ಹಾಗೆ. ಆಮೇಲೆ ಒಂದೇ ಒಂದು ಸಾಲು ಬರೆದು ಕಳಿಸಿ: ‘ಪಕ್ಷದ ಕೆಲಸ ಬಿಟ್ಟು ಬೇರೆ ಮೆಸೇಜ್ ನನಗೆ ಕಳಿಸಬೇಡಿ.’ ಸಾರಿ, ಅಣ್ಣ, ನಗುವ ಇಮೋಜಿ ಯಾವುದೂ ಬೇಡ. ಬೇಡ ಅಂತ ಸ್ಪಷ್ಟವಾಗಿ ತಿಳಿದ ಮೇಲೂ ಮತ್ತೆ ಮತ್ತೆ ಬೆನ್ನು ಬಿದ್ದರೆ ಅದು ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನ ಅಪರಾಧ, ಆಗ ಈ ಸಾಲು ನಿಮಗೆ ಸಾಕ್ಷಿ. ಅಶ್ಲೀಲ ಮಾತು, ಬೇಡಿಕೆ ಇದ್ದರೆ 75ನೇ ಸೆಕ್ಷನ್, ಅದಕ್ಕೆ ಈ ಸಾಲೂ ಬೇಕಾಗಿಲ್ಲ.

ಪಕ್ಷದ ಒಳಗೆ ದೂರು ಕೊಡುವುದಾದರೆ ಒಂದು ವಿಷಯ ತಿಳಿದಿರಲಿ. ಕೆಲಸದ ಜಾಗದ ಕಿರುಕುಳಕ್ಕೆ 2013ರ ಕಾನೂನು ಇದೆ, ಹತ್ತು ಜನ ಇರುವ ಅಂಗಡಿಗೂ ಸಮಿತಿ ಬೇಕು. ರಾಜಕೀಯ ಪಕ್ಷಕ್ಕೆ ಬೇಡ! ಪಕ್ಷಕ್ಕೂ ಸದಸ್ಯರಿಗೂ ಮಾಲೀಕ, ನೌಕರ ಸಂಬಂಧ ಇಲ್ಲ ಅಂತ ಕೇರಳ ಹೈಕೋರ್ಟು 2022ರಲ್ಲಿ ಹೇಳಿತು. ಕಾನೂನಿನ ಅಕ್ಷರ ನೋಡಿದರೆ ಸರಿ ಇರಬಹುದು. ಆದರೆ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧ ಸೀಟು ಹೆಂಗಸರಿಗೆ ಕೊಟ್ಟ ರಾಜ್ಯ ಇದು. ಆ ಸೀಟಿಗೆ ಬರುವ ದಾರಿಯಲ್ಲಿ ದೂರು ಕೊಡಲು ಒಂದು ಮೇಜು ಸಹ ಇಲ್ಲ. 2018ರಲ್ಲಿ ಸಿಪಿಎಂನ ಯುವ ಸಂಘಟನೆ ಡಿವೈಎಫ್ಐಯ ನಾಯಕಿಯೊಬ್ಬರು ಶೊರ್ಣೂರಿನ ಆಗಿನ ಸಿಪಿಎಂ ಶಾಸಕ ಪಿ.ಕೆ. ಶಶಿ ಮೇಲೆ ದೂರಿದ್ದು ಪಕ್ಷಕ್ಕೇ. ಪಕ್ಷವೇ ಕಮಿಷನ್ ಮಾಡಿತು, ಆರು ತಿಂಗಳ ಸಸ್ಪೆನ್ಷನ್ನಿಗೆ ಮುಗಿಯಿತು. ಹಾಗಾಗಿ ಪಕ್ಷಕ್ಕೆ ಕೊಡುವುದಿದ್ದರೆ ಬರೆದು ಕೊಡಿ, ನಕಲು ಇಟ್ಟುಕೊಳ್ಳಿ. ಪಕ್ಷ ನೋಡಿಕೊಳ್ಳುತ್ತದೆ, ಪೊಲೀಸರಿಗೆ ಯಾಕೆ ಅಂತ ಹಿರಿಯರು ಬಂದು ಸಮಾಧಾನ ಮಾಡಿದರೆ ತಲೆಯಾಡಿಸಬೇಡಿ.

ಪೊಲೀಸರಿಗೆ ಕನ್ನಡದಲ್ಲೇ ಬರೆದು ಕೊಡಿ. ಭಾಷಾ ಅಲ್ಪಸಂಖ್ಯಾತರಾಗಿ ನಮಗೆ ಆ ಹಕ್ಕು 1969ರ ಕೇರಳದ ಭಾಷಾ ಕಾಯ್ದೆಯಿಂದಲೇ ಇದೆ, ಮಲಯಾಳಂನಲ್ಲಿ ತನ್ನಿ ಅಂತ ವಾಪಸ್ ಕಳಿಸುವ ಹಾಗಿಲ್ಲ. ಊರಿನ ಸ್ಟೇಷನ್ನಿನಲ್ಲಿ ಎಲ್ಲರೂ ಪರಿಚಯದವರು ಅಂತ ಸಂಕೋಚ ಇದ್ದರೆ ಬೇರೆ ಸ್ಟೇಷನ್ನಿಗೆ ಹೋಗಿ, ಎಲ್ಲಿ ಕೊಟ್ಟರೂ ತೆಗೆದುಕೊಳ್ಳಬೇಕು. ತಲಪಾಡಿ ದಾಟಿ ಮಂಗಳೂರಿನಲ್ಲಿ ಕೊಟ್ಟರೂ ಆಗುತ್ತದೆ. 181ಕ್ಕೆ ಫೋನ್ ಮಾಡಿದರೆ ಮುಂದಿನ ದಾರಿ ಹೇಳುತ್ತಾರೆ. ವಕೀಲರ ಖರ್ಚಿನ ಚಿಂತೆ ಬೇಡ, ಕಾನೂನು ಸೇವಾ ಪ್ರಾಧಿಕಾರದಿಂದ ಹೆಂಗಸರಿಗೆ ವಕೀಲರು ಪುಕ್ಕಟೆ, ಆದಾಯ ಎಷ್ಟೇ ಇರಲಿ.

ಅಪ್ಪನಿಗೆ ಹೇಳುವುದು ನಿಮಗೆ ಬಿಟ್ಟದ್ದು. ಹೇಳುವುದಾದರೆ ಬಾಯಲ್ಲಿ ಹೇಳಿ ಒದ್ದಾಡಬೇಡಿ, ಸ್ಕ್ರೀನ್‌ಶಾಟ್‌ಗಳನ್ನು ಅವರ ಕೈಗೆ ಕೊಟ್ಟು ಓದಲು ಬಿಡಿ. ದೂರಿನ ಕರಡು ಬರೆದರೆ ಹೆಸರು ತೆಗೆದು ನನಗೆ ಕಳಿಸಿ. ತಿದ್ದಿ ವಾಪಸ್ ಕಳಿಸುತ್ತೇನೆ, ಅದನ್ನು ಇಲ್ಲಿ ಅಚ್ಚು ಹಾಕುವುದಿಲ್ಲ.