ಖಾಸಗಿ ಶಾಲೆಯ ಶುಲ್ಕ ವಿನಾಯಿತಿ ಮಗುವಿನ ಬದುಕನ್ನು ನಿಜಕ್ಕೂ ಬದಲಿಸುತ್ತದೆಯೇ?

ಖಂಡಿತ ಬದಲಿಸುತ್ತದೆ, ಆದರೆ ಬೋಧನಾ ಶುಲ್ಕವೊಂದನ್ನೇ ಮನ್ನಾ ಮಾಡಿದರೆ ಸಾಲದು. ಮೂಡಿಗೆರೆ ಕಡೆಯ ಕಾಫಿ ತೋಟದ ಲೈನ್ ಮನೆಯ (ಕಾರ್ಮಿಕರ ಸಾಲುಮನೆಯ) ಹುಡುಗಿಗೆ ಚಿಕ್ಕಮಗಳೂರಿನಲ್ಲಿ ಉಚಿತ ಸೀಟು ಸಿಕ್ಕಿತು ಎನ್ನಿ. ಮಳೆ ಹಿಡಿದು ಕೂಲಿ ಕಡಿಮೆಯಾಗುವ ಜೂನ್‌ನಲ್ಲೇ ಸಮವಸ್ತ್ರ, ಶೂ, ಪುಸ್ತಕ, ವ್ಯಾನ್ ಬಾಡಿಗೆ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ಎಷ್ಟೋ ಮಕ್ಕಳು ಸೋಲುವುದು ಇಲ್ಲಿಯೇ, ಓದಿನಲ್ಲಿ ಅಲ್ಲ. ಇವೆಲ್ಲ ಸೇರಿದ ನೆರವು ಸಿಕ್ಕರೆ, ಬಾಕಿದಾರರ ಪಟ್ಟಿ ಓದಿದಾಗ ತರಗತಿಯಲ್ಲಿ ತಲೆತಗ್ಗಿಸಿ ಎದ್ದು ನಿಲ್ಲುವ ಸಂಕಟ ತಪ್ಪುತ್ತದೆ. ಧೈರ್ಯವಾಗಿ ಪ್ರಶ್ನೆ ಕೇಳುವ ಮಗು ಆಮೇಲೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳಲೂ ಹಿಂಜರಿಯುವುದಿಲ್ಲ.

ಇನ್ನೊಂದು ಮಾತು: 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ಸಿಗುವ ಶೇ 25ರ ಉಚಿತ ಸೀಟಿನ ಸೌಲಭ್ಯ ಎಂಟನೇ ತರಗತಿಗೇ ಮುಗಿಯುತ್ತದೆ. ಒಂಬತ್ತು, ಹತ್ತನೇ ತರಗತಿಗೂ ನೆರವು ಮುಂದುವರಿಯುವುದೇ ಎಂಬುದನ್ನು ಸೇರಿಸುವಾಗಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ.