ಸತ್ತ ಮರಿಯನ್ನು ಕೆಳಗಿಡದ ತಾಯಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಅಡಿಕೆ ತೋಟಕ್ಕೆ ಬರುವ ಮಂಗಗಳ ಹಿಂಡಿನಲ್ಲಿ ಒಂದು ತಾಯಿ, ಸತ್ತುಹೋದ ತನ್ನ ಮರಿಯನ್ನು ನಾಲ್ಕು ದಿನ ಎತ್ತಿಕೊಂಡೇ ತಿರುಗಿತು. ಮರಿಯ ಮೈ ಒಣಗಿ ಹೋಗಿತ್ತು. ‘ಸತ್ತದ್ದು ಅದಕ್ಕೆ ಗೊತ್ತಾಗಿಲ್ಲ’ ಎಂದರು ನಮ್ಮ ಅತ್ತೆ. ‘ಗೊತ್ತಾಗಿದೆ, ಬಿಡಲು ಮನಸ್ಸಿಲ್ಲ’ ಎಂದಳು ಮಗಳು. ಯಾರು ಸರಿ? ಚಿಂಪಾಂಜಿ, ಗೊರಿಲ್ಲಗಳೂ ಹೀಗೆ ಮಾಡುತ್ತವೆಯೇ?
– ಗೃಹಿಣಿ, ಹೆಬ್ರಿ

ಉತ್ತರ: ನೀವು ಕಂಡದ್ದು ಅಪರೂಪದ ಘಟನೆಯೇನಲ್ಲ, ಆದರೆ ಅದನ್ನು ನಾಲ್ಕು ದಿನ ಬಿಡದೆ ಗಮನಿಸಿದವರು ಅಪರೂಪ. ಮಂಗ, ಲಂಗೂರ್, ಚಿಂಪಾಂಜಿ, ಗೊರಿಲ್ಲ ಮುಂತಾದ 50 ಜಾತಿಗಳಲ್ಲಿ, ಮರಿ ಸತ್ತಾಗ ತಾಯಿ ಹೇಗೆ ನಡೆದುಕೊಂಡಿತು ಎಂದು ದಾಖಲಾಗಿದ್ದ 409 ಪ್ರಕರಣಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಆ ಜಾತಿಗಳ ಪೈಕಿ ಸುಮಾರು ಶೇ. 80ರಲ್ಲಿ ತಾಯಂದಿರು ಸತ್ತ ಮರಿಯನ್ನು ಹೊತ್ತು ತಿರುಗಿದ್ದು ಕಂಡುಬಂದಿದೆ.

ಎಲ್ಲಕ್ಕಿಂತ ವಿವರವಾದ ದಾಖಲೆ ಪಶ್ಚಿಮ ಆಫ್ರಿಕದ ಗಿನಿ ದೇಶದ ಬೊಸ್ಸೌ ಎಂಬಲ್ಲಿಯದು. ಅಲ್ಲಿ 1992ರಲ್ಲಿ ಜಿರೆ ಎಂಬ ತಾಯಿ ಚಿಂಪಾಂಜಿ ಸತ್ತ ಮರಿಯನ್ನು ಕನಿಷ್ಠ 27 ದಿನ ಹೊತ್ತಿತು. 2003ರಲ್ಲಿ ಉಸಿರಾಟದ ಕಾಯಿಲೆಯೊಂದು ಆ ಗುಂಪಿಗೆ ತಗಲಿದಾಗ ಅದೇ ಜಿರೆ ಮತ್ತೊಂದು ಮರಿಯನ್ನು ಕಳೆದುಕೊಂಡು, ಅದರ ದೇಹವನ್ನು 68 ದಿನ ಬಿಡಲಿಲ್ಲ. ಅದೇ ಕಾಲದಲ್ಲಿ ಇನ್ನೊಂದು ತಾಯಿ 19 ದಿನ ಹೊತ್ತಿತ್ತು. ದೇಹಗಳು ಒಣಗಿ ಚರ್ಮ ಮಾತ್ರವಾದ ಮೇಲೂ ತಾಯಂದಿರು ಅವುಗಳ ಮೇಲೆ ಕೂರುವ ನೊಣಗಳನ್ನು ಓಡಿಸುತ್ತಿದ್ದವು, ಮೈ ಹೆಕ್ಕುತ್ತಿದ್ದವು, ರಾತ್ರಿ ಗೂಡಿಗೂ ಜೊತೆಯಲ್ಲೇ ಒಯ್ಯುತ್ತಿದ್ದವು.

ಈಗ ನಿಮ್ಮ ಮನೆಯ ವಾದಕ್ಕೆ ಬರೋಣ. ಬೊಸ್ಸೌವಿನ ತಾಯಂದಿರು ಸತ್ತ ಮರಿಯನ್ನು ಜೀವಂತ ಮರಿಯಂತೆ ಹೊರಲಿಲ್ಲ. ಜೀವವಿರುವ ಮರಿಯನ್ನು ಎಂದೂ ಹಿಡಿಯದ ರೀತಿಯಲ್ಲಿ, ಒಂದು ಕೈಯಲ್ಲಿ ಜೋತುಬಿಟ್ಟು ಸಾಗಿಸಿದವು. ಮರಿಯಲ್ಲಿ ಏನೋ ಬದಲಾಗಿದೆ ಎಂಬುದು ಅವುಗಳಿಗೆ ತಿಳಿದಿತ್ತೆಂದು ಇದರಿಂದ ಊಹಿಸಬಹುದು. ದಿನ ಕಳೆದಂತೆ ಇತರ ಎಳೆಯ ಚಿಂಪಾಂಜಿಗಳು ಆ ದೇಹವನ್ನು ಎಳೆದುಕೊಂಡು ಹೋಗಿ ಆಡಿದರೂ ತಾಯಂದಿರು ಸುಮ್ಮನಿದ್ದವು. ಮೇಲೆ ಹೇಳಿದ 2021ರ ಅಧ್ಯಯನ, ತಾಯಂದಿರು ಎಳೆಯ ಮರಿಗಳನ್ನು ಹೆಚ್ಚು ಕಾಲ ಹೊರುತ್ತವೆ ಎಂದಿದೆ. ಮಾತ್ರವಲ್ಲ, ಮರಿ ಅವಘಡದಲ್ಲಿ ಅಥವಾ ಹಿಂಸೆಗೆ ಸಿಕ್ಕಿ ಸತ್ತಾಗ ಹೊರುವ ಸಾಧ್ಯತೆ ಕಡಿಮೆ ಎಂದೂ ತೋರಿಸಿದೆ. ಮರಿ ಸತ್ತ ರೀತಿಗೆ ತಕ್ಕಂತೆ ತಾಯಿಯ ನಡತೆ ಬದಲಾಗುವುದಾದರೆ ಆಕೆಗೆ ಏನೂ ತಿಳಿದಿಲ್ಲ ಎನ್ನುವುದು ಕಷ್ಟ. ನಾನು ನಿಮ್ಮ ಮಗಳ ಪಕ್ಷಕ್ಕೆ ವಾಲುತ್ತೇನೆ. ಹಾಗೆಂದು ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ: ಪ್ರಜ್ಞೆ ತಪ್ಪಿದ ಮರಿ ಮತ್ತೆ ಚೇತರಿಸಿಕೊಳ್ಳಬಹುದಾದ್ದರಿಂದ, ಅಲುಗಾಡದ ಮರಿಯನ್ನು ತಕ್ಷಣ ಎಸೆಯದ ತಾಯಿಯ ಸ್ವಭಾವ ವಿಕಾಸದ ಹಾದಿಯಲ್ಲಿ ಉಳಿದುಬಂದಿರಬಹುದು.

ಪ್ರಶ್ನೆ: ಮಂಗಕ್ಕೂ ಮಹಾವಾನರಕ್ಕೂ ವ್ಯತ್ಯಾಸವೇನು? ನಮ್ಮ ಕುದುರೆಮುಖದ ಕಾಡಿನಲ್ಲಿ ಮಹಾವಾನರಗಳಿವೆಯೇ?
– ವಿದ್ಯಾರ್ಥಿ, ಸುರತ್ಕಲ್

ಉತ್ತರ: ಇಲ್ಲ. ಕುದುರೆಮುಖದಲ್ಲಿರುವ ಸಿಂಗಳೀಕವೂ ನಮ್ಮ ಮನೆಯ ಹಂಚಿನ ಮೇಲೆ ಓಡಾಡುವ ಮಂಗವೂ ಬಾಲವುಳ್ಳವು. ಮಹಾವಾನರಗಳಿಗೆ ಬಾಲವಿಲ್ಲ, ಮೆದುಳು ದೊಡ್ಡದು, ಬಾಲ್ಯ ದೀರ್ಘ. ಚಿಂಪಾಂಜಿ, ಅದರ ಹತ್ತಿರದ ಬಂಧುವಾದ ಬೊನೊಬೊ ಮತ್ತು ಗೊರಿಲ್ಲ ಆಫ್ರಿಕದಲ್ಲಿವೆ. ಒರಾಂಗುಟಾನ್ ಬೋರ್ನಿಯೊ ಮತ್ತು ಸುಮಾತ್ರ ದ್ವೀಪಗಳಲ್ಲಿದೆ. ಭಾರತದಲ್ಲಿ ಬಾಲವಿಲ್ಲದ ವಾನರವೆಂದರೆ ಈಶಾನ್ಯ ರಾಜ್ಯಗಳ ಹೂಲಾಕ್ ಗಿಬ್ಬನ್ ಮಾತ್ರ, ಅದು ಚಿಕ್ಕ ವಾನರಗಳ ಗುಂಪಿಗೆ ಸೇರಿದ್ದು.

ಪ್ರಶ್ನೆ: ಒರಾಂಗುಟಾನ್ ಮರಿ ಏಳೆಂಟು ವರ್ಷ ತಾಯಿಯನ್ನು ಬಿಡುವುದಿಲ್ಲ ಎಂದು ಓದಿದೆ. ಕಾಡಿನ ಪ್ರಾಣಿಗೆ ಅಷ್ಟು ಕಾಲ ತಾಯಿ ಏಕೆ ಬೇಕು?
– ಉದ್ಯೋಗಸ್ಥ ತಾಯಿ, ಮಣಿಪಾಲ

ಉತ್ತರ: ಒರಾಂಗುಟಾನ್ ತಾಯಿ ಒಂದು ಹೆರಿಗೆಯಿಂದ ಇನ್ನೊಂದಕ್ಕೆ ಏಳರಿಂದ ಎಂಟು ವರ್ಷ ಬಿಡುತ್ತದೆ. ಹಲ್ಲಿನ ಪದರಗಳಲ್ಲಿ ಉಳಿಯುವ ಬೇರಿಯಂ ಧಾತುವನ್ನು ಅಳೆದು ಹಾಲು ಕುಡಿದ ಕಾಲವನ್ನು ಕಂಡುಹಿಡಿದ 2017ರ ಸಂಶೋಧನೆಯಲ್ಲಿ, ಒಂದು ಮರಿ ಎಂಟು ವರ್ಷ ದಾಟಿದ ಮೇಲೂ ತಾಯಿಯ ಹಾಲು ಕುಡಿದಿತ್ತು. ಹಣ್ಣು ಹೇರಳವಾಗಿದ್ದಾಗ ಹಾಲು ಕಡಿಮೆ, ಬರಗಾಲದಲ್ಲಿ ಮತ್ತೆ ಹೆಚ್ಚು. ಹೊರಗೆ ಆಹಾರ ಸಿಗದಾಗ ತಾಯಿಯ ಎದೆಯೇ ಮರಿಯ ಕಣಜ.

ಆದರೆ ಹಾಲಿಗಿಂತ ದೊಡ್ಡ ಕಾರಣ ಕಲಿಕೆ. ಯಾವ ಮರ ಯಾವ ತಿಂಗಳಲ್ಲಿ ಹಣ್ಣು ಬಿಡುತ್ತದೆ, ಯಾವ ತೊಗಟೆ ತಿನ್ನಬಹುದು, ಮುಳ್ಳಿರುವ ಕಾಯಿಯನ್ನು ಬಿಡಿಸುವುದು ಹೇಗೆ, ರಾತ್ರಿ ಮಲಗಲು ಕೊಂಬೆಗಳನ್ನು ಬಾಗಿಸಿ ಗೂಡು ಕಟ್ಟುವುದು ಹೇಗೆ ಎಂಬುದನ್ನೆಲ್ಲ ಮರಿ ತಾಯಿಯ ಕೈಯ ಪಕ್ಕದಲ್ಲೇ ಕುಳಿತು ನೋಡಿ ಕಲಿಯಬೇಕು. ಒರಾಂಗುಟಾನ್‌ಗಳು ಬಹುಮಟ್ಟಿಗೆ ಒಂಟಿಯಾಗಿ ಬದುಕುವುದರಿಂದ ಮರಿಗೆ ಬೇರೆ ಗುರುಗಳಿಲ್ಲ. ಚಿಂಪಾಂಜಿಗಳಲ್ಲೂ ಇದೇ ಕ್ರಮ: ತಾಂಜಾನಿಯದ ಗೊಂಬೆ ಎಂಬ ಕಾಡಿನಲ್ಲಿ ಕಡ್ಡಿಯನ್ನು ಹುತ್ತದೊಳಗೆ ತೂರಿಸಿ ಗೆದ್ದಲು ಹಿಡಿಯುವ ವಿದ್ಯೆಯನ್ನು, ತಾಯಿಯನ್ನು ಹೆಚ್ಚು ಹೊತ್ತು ನೋಡುತ್ತ ಕೂರುವ ಹೆಣ್ಣುಮರಿಗಳು ಗಂಡುಮರಿಗಳಿಗಿಂತ ಸುಮಾರು ಎರಡು ವರ್ಷ ಮೊದಲೇ ಕಲಿಯುತ್ತವೆ.

ಗೊಂಬೆಯ ಮಾತು ಬಂದಾಗ ಫ್ಲಿಂಟ್‌ನನ್ನು ನೆನೆಯದೆ ಮುಂದೆ ಹೋಗಲು ನನಗೆ ಸಾಧ್ಯವಾಗುವುದಿಲ್ಲ. 1960ರಲ್ಲಿ ಅಲ್ಲಿ ಅಧ್ಯಯನ ಆರಂಭಿಸಿದ ಜೇನ್ ಗುಡಾಲ್ ಅವರು ವರ್ಷಗಟ್ಟಲೆ ಗಮನಿಸಿದ ಫ್ಲೋ ಎಂಬ ತಾಯಿಯ ಮಗ ಅವನು. ಫ್ಲೋಗೆ ವಯಸ್ಸಾಗಿತ್ತು, ಮಗನಿಗೆ ಹಾಲು ಬಿಡಿಸುವಷ್ಟು ಗಟ್ಟಿತನ ಉಳಿದಿರಲಿಲ್ಲ. ತಂಗಿ ಹುಟ್ಟಿದ ಮೇಲೂ ಅವನು ತಾಯಿಯ ಬೆನ್ನೇರಿಯೇ ಸಾಗುತ್ತಿದ್ದ. 1972ರಲ್ಲಿ ಫ್ಲೋ ಸತ್ತಾಗ ಎಂಟು ವರ್ಷ ದಾಟಿದ್ದ ಫ್ಲಿಂಟ್ ಊಟ ಬಿಟ್ಟು, ಗುಂಪಿನಿಂದ ದೂರ ಸರಿದು, ತಿಂಗಳೊಳಗೆ ತಾನೂ ಸತ್ತ. ತಾನೇ ಆಹಾರ ಹುಡುಕಿ ತಿನ್ನಬಲ್ಲ ವಯಸ್ಸು ಅದು. ಹಾಗಿದ್ದರೂ ಉಳಿಯಲಿಲ್ಲ ಎಂದರೆ ತಾಯಿ ಅವನಿಗೆ ಬರಿಯ ಆಹಾರದ ದಾರಿಯಾಗಿರಲಿಲ್ಲ ಎಂದೇ ನಾನು ತಿಳಿಯುತ್ತೇನೆ.

ಇಷ್ಟು ನಿಧಾನವಾಗಿ ಹೆತ್ತು ಸಾಕುವ ಪ್ರಾಣಿಯ ಕಾಡನ್ನು ತಾಳೆ ತೋಟಕ್ಕಾಗಿ ಕಡಿದಾಗ, ಅಥವಾ ಮರಿಯನ್ನು ಮಾರಲೆಂದು ತಾಯಿಯನ್ನು ಕೊಂದಾಗ, ಆದ ನಷ್ಟ ತುಂಬಲು ದಶಕಗಳು ಬೇಕು. ಇಂಡೋನೇಷ್ಯ, ಮಲೇಷ್ಯಗಳ ತಾಳೆ ಎಣ್ಣೆ ನಮ್ಮ ಪಣಂಬೂರಿನ ಬಂದರಿಗೂ ಹಡಗಿನಲ್ಲಿ ಬಂದಿಳಿಯುತ್ತದೆ. ಆ ಕಾಡಿಗೂ ನಮ್ಮ ಅಡುಗೆಮನೆಗೂ ಸಂಬಂಧವಿಲ್ಲ ಎನ್ನುವಂತಿಲ್ಲ.

ಪ್ರಶ್ನೆ: ಬೊನೊಬೊಗಳಲ್ಲಿ ಹೆಣ್ಣಿನದೇ ಯಜಮಾನಿಕೆ ಎನ್ನುತ್ತಾರೆ. ಹಾಗಾದರೆ ಅವುಗಳದ್ದು ನಮ್ಮ ಅಳಿಯಸಂತಾನದಂತಹ ಕಟ್ಟೇ?
– ಹಿರಿಯ ಓದುಗರು, ಮೂಲ್ಕಿ

ಉತ್ತರ: ಈ ಪ್ರಶ್ನೆ ತುಳುನಾಡಿನವರಿಗಲ್ಲದೆ ಬೇರೆಯವರಿಗೆ ಹೊಳೆಯಲಾರದು. ಅಳಿಯಸಂತಾನದಲ್ಲಿ ಬಳಿ, ಅಂದರೆ ಕುಲ, ತಾಯಿಯಿಂದ ಬರುತ್ತದೆ, ಹೆಣ್ಣುಮಕ್ಕಳು ಮತ್ತು ಅವರ ಸಂತತಿ ತಾಯಿಯ ಕುಟುಂಬಕ್ಕೇ ಸೇರಿರುತ್ತಾರೆ, ಯಜಮಾನಿಕೆ ಮಾವನಿಂದ ಸೋದರಳಿಯನಿಗೆ ಹೋಗುತ್ತದೆ. ಬೊನೊಬೊಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ತಿರುಗುಮುರುಗು: ಪ್ರಾಯಕ್ಕೆ ಬಂದ ಹೆಣ್ಣು ಹುಟ್ಟಿದ ಗುಂಪನ್ನು ಬಿಟ್ಟು ಬೇರೆ ಗುಂಪಿಗೆ ಸೇರುತ್ತದೆ, ಗಂಡುಮಕ್ಕಳು ತಾಯಿಯೊಡನೆ ಉಳಿಯುತ್ತವೆ.

ಹಾಗಾದರೆ ಹೆಣ್ಣುಗಳಿಗೆ ಬಲ ಬಂದದ್ದು ಎಲ್ಲಿಂದ? ರಕ್ತಸಂಬಂಧವಿಲ್ಲದ ಹೆಣ್ಣುಗಳು ಪರಸ್ಪರ ಮೈ ಹೆಕ್ಕುತ್ತ, ಒಟ್ಟಿಗೆ ತಿನ್ನುತ್ತ, ಲೈಂಗಿಕ ಸ್ಪರ್ಶದಿಂದಲೂ ಬಿಗುವನ್ನು ಸಡಿಲಿಸುತ್ತ ಗಟ್ಟಿಯಾದ ಸ್ನೇಹ ಕಟ್ಟಿಕೊಳ್ಳುತ್ತವೆ. ಗಂಡೊಂದು ಮೇಲೆರಗಿದರೆ ಒಂದಾಗಿ ಅಟ್ಟುತ್ತವೆ. ತಾಯಿಯ ನೆರಳು ಮಗನ ಮೇಲೆ ಅವನು ಬೆಳೆದ ಮೇಲೂ ಇರುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತಾಯಿ ಗುಂಪಿನಲ್ಲಿ ಜೀವಂತವಾಗಿರುವ ಬೊನೊಬೊ ಗಂಡಿಗೆ ತಂದೆಯಾಗುವ ಸಾಧ್ಯತೆ, ತಾಯಿಯಿಲ್ಲದ ಗಂಡಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ಚಿಂಪಾಂಜಿಗಳಲ್ಲಿ ಅಂತಹ ಲಾಭ ಕಾಣಲಿಲ್ಲ.

ನಿಮ್ಮ ಹೋಲಿಕೆಗೆ ಹತ್ತಿರ ಬರುವ ಜೀವಿ ಕಾಂಗೋ ನದಿಯಾಚೆ ಇಲ್ಲ, ಮೂಲ್ಕಿಯ ತೆಂಗಿನ ತೋಟದಲ್ಲೇ ಇದೆ. ನಮ್ಮ ಮಂಗಗಳಲ್ಲಿ ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲೇ ಜೀವಮಾನವಿಡೀ ಉಳಿಯುತ್ತವೆ, ಗಂಡುಗಳು ಬೇರೆ ಹಿಂಡಿಗೆ ಹೋಗುತ್ತವೆ, ಮಗಳಿಗೆ ಹಿಂಡಿನಲ್ಲಿ ಸಿಗುವ ಸ್ಥಾನ ತಾಯಿಯ ಸ್ಥಾನವನ್ನು ಅನುಸರಿಸುತ್ತದೆ. ಆದರೂ ಅಳಿಯಸಂತಾನ ಮನುಷ್ಯರು ಮಾತಿನಿಂದ, ಆಸ್ತಿಯಿಂದ, ದೈವದ ಎದುರಿನ ಹೊಣೆಯಿಂದ ಕಟ್ಟಿಕೊಂಡ ವ್ಯವಸ್ಥೆ. ಸೋದರಮಾವ ಎಂಬ ಸ್ಥಾನ ಮಂಗಗಳಲ್ಲಿಲ್ಲ.

ಪ್ರಶ್ನೆ: ವಿದ್ಯುತ್ ತಂತಿಗೆ ತಗಲಿ ತಾಯಿಮಂಗ ಸತ್ತು, ಮರಿ ನಮ್ಮ ಅಂಗಳದಲ್ಲಿ ಉಳಿದಿತ್ತು. ಮನೆಯಲ್ಲೇ ಸಾಕೋಣ ಎಂದು ಮಕ್ಕಳು ಹಟ ಹಿಡಿದರು. ತಾಯಿಯಿಲ್ಲದ ಮರಿಯನ್ನು ಬೇರೆ ವಾನರಗಳು ಸಾಕುವುದುಂಟೇ?
– ಓದುಗರು, ಕಾರ್ಕಳ

ಉತ್ತರ: ಉಂಟು, ಮತ್ತು ಸಾಕುವವರು ಯಾರೆಂಬುದು ಆಶ್ಚರ್ಯ ಹುಟ್ಟಿಸುತ್ತದೆ. ಐವರಿ ಕೋಸ್ಟ್‌ನ ತಾಯ್ ಕಾಡಿನಲ್ಲಿ ಅನಾಥ ಚಿಂಪಾಂಜಿಗಳನ್ನು ದತ್ತು ಪಡೆದ 18 ಪ್ರಕರಣಗಳು 2010ರಲ್ಲಿ ವರದಿಯಾದವು. ಅರ್ಧದಷ್ಟನ್ನು ಸಾಕಿದ್ದು ಗಂಡುಗಳು. ಅವುಗಳಲ್ಲಿ ಒಂದು ಮಾತ್ರ ಆ ಮರಿಯ ನಿಜವಾದ ತಂದೆ. ಗೊಂಬೆ ಕಾಡಿನಲ್ಲಿ 1987ರಲ್ಲಿ ನ್ಯುಮೋನಿಯಾದಿಂದ ತಾಯಿ ಸತ್ತ ಮೂರು ವರ್ಷದ ಮೆಲ್ ಎಂಬ ಮರಿಯನ್ನು, ಸಂಬಂಧಿಯಲ್ಲದ ಸ್ಪಿಂಡಲ್ ಎಂಬ ಹನ್ನೆರಡು ವರ್ಷದ ಗಂಡು ಬೆನ್ನ ಮೇಲೆ ಹೊತ್ತು, ತನ್ನ ಗೂಡಿನಲ್ಲಿ ಮಲಗಿಸಿ ಉಳಿಸಿತು. ಬೆಟ್ಟದ ಗೊರಿಲ್ಲಗಳಲ್ಲಿ ತಾಯಿ ಹೋದ ಮರಿ ಬೆಳ್ಳಿಬೆನ್ನಿನ ಹಿರಿಯ ಗಂಡಿನ ಬಳಿ ಸರಿಯುತ್ತದೆ. ರುವಾಂಡದಲ್ಲಿ ಐದು ದಶಕಗಳಿಗೂ ಮೀರಿ ಕೂಡಿಟ್ಟ ದಾಖಲೆಗಳನ್ನು ಪರಿಶೀಲಿಸಿದಾಗ, ಹಾಲು ಬಿಟ್ಟ ಮೇಲೆ ಅನಾಥವಾದ ಅಂತಹ ಮರಿಗಳು ಸಾಯುವ ಸಾಧ್ಯತೆ ಉಳಿದವುಗಳಿಗಿಂತ ಹೆಚ್ಚಿರಲಿಲ್ಲ ಎಂದು 2021ರಲ್ಲಿ ತಿಳಿದುಬಂತು.

ಮನುಷ್ಯರು ಸಾಕಿದಾಗ ಏನಾಗುತ್ತದೆ ಎಂಬುದಕ್ಕೆ ಎರಡು ಸಾಕ್ಷ್ಯಗಳನ್ನು ಹೇಳುತ್ತೇನೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಹಾರ್ಲೊ ಅವರು ರೀಸಸ್ ಮಂಗದ ಮರಿಗಳನ್ನು ತಾಯಿಯಿಂದ ಅಗಲಿಸಿ, ತಂತಿಯ ಗೊಂಬೆಯೊಂದನ್ನೂ ಬಟ್ಟೆ ಸುತ್ತಿದ ಗೊಂಬೆಯೊಂದನ್ನೂ ಇಟ್ಟರು. ಹಾಲು ತಂತಿಯ ಗೊಂಬೆಯಲ್ಲಿದ್ದರೂ ಮರಿಗಳು ದಿನದ ಬಹುಪಾಲು ಅಪ್ಪಿಕೊಂಡಿದ್ದು ಬಟ್ಟೆಯ ಗೊಂಬೆಯನ್ನು. ಒಂಟಿಯಾಗಿ ಬೆಳೆದ ಹೆಣ್ಣುಗಳು ಮುಂದೆ ತಾವು ಹೆತ್ತ ಮರಿಗಳನ್ನು ದೂಡಿದವು, ಕಚ್ಚಿದವು. ಆ ಪ್ರಯೋಗಗಳ ಕ್ರೌರ್ಯವನ್ನು ನಾನು ಸಮರ್ಥಿಸಲಾರೆ. ಅವುಗಳ ಫಲಿತಾಂಶವನ್ನು ಮರೆಯಲೂ ಆಗದು. ಇನ್ನೊಂದು, ಷಿಕಾಗೊ ಬಳಿಯ ಬ್ರೂಕ್‌ಫೀಲ್ಡ್ ಮೃಗಾಲಯದ ಬಿಂಟಿ ಜುವಾ ಎಂಬ ಗೊರಿಲ್ಲ. ಅದು ಮನುಷ್ಯರ ಕೈಯಲ್ಲಿ ಬೆಳೆದದ್ದರಿಂದ ಮರಿಯನ್ನು ಹಿಡಿಯುವುದನ್ನೇ ಗೊಂಬೆಯ ಮೂಲಕ ಕಲಿಸಬೇಕಾಯಿತು. ಕಲಿತ ಮೇಲೆ, 1996ರ ಆಗಸ್ಟ್ 16ರಂದು ಆವರಣದೊಳಗೆ ಬಿದ್ದ ಮೂರು ವರ್ಷದ ಹುಡುಗನನ್ನು, ಬೆನ್ನ ಮೇಲೆ ತನ್ನ ಮರಿ ಇರುವಂತೆಯೇ, ತೋಳಲ್ಲಿ ಎತ್ತಿ ಸಿಬ್ಬಂದಿಯ ಬಾಗಿಲಿಗೆ ತಂದು ಮಲಗಿಸಿತು.

ಆದ್ದರಿಂದ ಮರಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಅರಣ್ಯ ಇಲಾಖೆಗೆ ಕೂಡಲೇ ತಿಳಿಸಿ. ಸಿಬ್ಬಂದಿ ಬರುವ ತನಕ ಅಪ್ಪಿಕೊಳ್ಳಲು ಒಂದು ದಪ್ಪ ಮೃದು ಬಟ್ಟೆಯನ್ನು ಕೊಟ್ಟು, ನಾಯಿ ಬಾರದ ಜಾಗದಲ್ಲಿಡಿ.

ಪ್ರಶ್ನೆ: ಮಕ್ಕಳಿಗೆ ತಾಯಿ-ಮರಿ ಗೊರಿಲ್ಲಗಳನ್ನು ತೋರಿಸಲು ಎಲ್ಲಿಗೆ ಹೋಗಬೇಕು?
– ಶಿಕ್ಷಕಿ, ಉಳ್ಳಾಲ

ಉತ್ತರ: 2021ರಲ್ಲಿ ಜರ್ಮನಿಯಿಂದ ಮೈಸೂರು ಮೃಗಾಲಯಕ್ಕೆ ಬಂದ ಥಾಬೊ ಮತ್ತು ಡೆಂಬ ಎರಡೂ ಗಂಡುಗಳು, ಅಲ್ಲಿ ಗೊರಿಲ್ಲಗಳನ್ನು ಕಾಣಬಹುದು, ತಾಯಿ-ಮರಿಯನ್ನಲ್ಲ. ತಾಯಿ-ಮರಿಯನ್ನೇ ನೋಡಬೇಕಾದರೆ ಮಾರ್ಚ್, ಏಪ್ರಿಲ್‌ನಲ್ಲಿ, ನಮ್ಮ ಮಂಗಗಳು ಮರಿ ಹಾಕುವ ಕಾಲದಲ್ಲಿ, ಆಗುಂಬೆ ಘಾಟಿಯ ಬುಡದ ಸೋಮೇಶ್ವರಕ್ಕೆ ಕರೆದುಕೊಂಡು ಹೋಗಿ. ತಿಂಡಿಯ ಪೊಟ್ಟಣವನ್ನು ವಾಹನದಲ್ಲೇ ಬಿಟ್ಟು, ದೂರದಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತರೆ, ಮರಿ ತಾಯಿಯಿಂದ ಎಷ್ಟು ಹೆಜ್ಜೆ ದೂರ ಹೋಗಿ ತಿರುಗಿ ನೋಡುತ್ತದೆ ಎಂಬುದನ್ನು ಮಕ್ಕಳೇ ಎಣಿಸಬಹುದು.