ಎರಡು ಜೊತೆ ಕಾಲುಚೀಲ ಹಾಕಿದರೂ ಕಾಲು ಮರಗಟ್ಟುವುದಕ್ಕೆ

ಸ್ಟಾಕ್‌ಹೋಮ್‌ನಲ್ಲಿ ಮೊದಲ ಡಿಸೆಂಬರ್, ಎರಡು ಜೊತೆ ಹತ್ತಿ ಕಾಲುಚೀಲ ಹಾಕಿದರೂ ಕಾಲು ಮರಗಟ್ಟುತ್ತದೆ, ಮೂರು ಗಂಟೆಗೇ ಕತ್ತಲು ಅಂದಿದ್ದೀರಿ. ತೊಂದರೆ ಇರೋದು ಹತ್ತಿಯಲ್ಲೇ. ಬೆವರು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ. ಮೇಲಾಗಿ ಎರಡು ಜೊತೆ ತುರುಕಿದರೆ ಶೂ ಬಿಗಿದು ರಕ್ತ ಓಡಾಡೋದಿಲ್ಲ. ಒಂದೇ ಜೊತೆ ದಪ್ಪ ಉಣ್ಣೆಯದು ಹಾಕಿ, ಶೂ ಒಂದು ಸೈಜ್ ದೊಡ್ಡದು ತಗೊಳ್ಳಿ. ಒಳಗೆ ಬೆರಳು ಸಲೀಸಾಗಿ ಆಡಬೇಕು. ಶೂ ಒಳಗಿನ ಅಟ್ಟೆಯನ್ನು (ಇನ್‌ಸೋಲ್) ದಿನಾ ರಾತ್ರಿ ತೆಗೆದು ಒಣಗಿಸಿ. ಬಹಳ ಜನ ಮರೆಯೋದು ಇದನ್ನೇ.

ಬೆಳಕು ಬರೀ 6 ಗಂಟೆ, ಹಾಗಾಗಿ ಮಧ್ಯಾಹ್ನ 12ಕ್ಕೆ ಅರ್ಧ ಗಂಟೆ ನಡೆಯಿರಿ. ಸಂಜೆಗೆ ಕೋಟ್ ಮೇಲೊಂದು ರಿಫ್ಲೆಕ್ಟರ್ (ವಾಹನದ ಬೆಳಕಿಗೆ ಹೊಳೆಯುವ ಪಟ್ಟಿ) ಇರಲಿ. ಡಿಸೆಂಬರ್ 13ರ ಲೂಸಿಯಾ ಹಬ್ಬ ಮಾತ್ರ ತಪ್ಪಿಸಬೇಡಿ: ಬಿಳಿ ನಿಲುವಂಗಿ ತೊಟ್ಟ ಮಕ್ಕಳು ದೀಪ ಹಿಡಿದು ಹಾಡುತ್ತಾ ಬರುತ್ತಾರೆ, ಜೊತೆಗೆ ನಮಗೆ ಪರಿಚಿತವಾದ ಕೇಸರಿ ಘಮದ ಬನ್ನು, ಲುಸ್ಸೆಕಟ್ಟರ್. ಅವತ್ತೇ ತಿನ್ನಿ, ಮರುದಿನಕ್ಕೆ ಒಣಗಿಹೋಗುತ್ತದೆ.